ಟೀಚರಮ್ಮ ಪಾಠ ಒಪ್ಪಿಸಿಕೊಂಡದ್ದು

ಮೂವತ್ತೊಂದು ವರ್ಷ ಸಿಟಿ ಬಸ್ಸು ಓಡಿಸಿದ ಡ್ರೈವರನಿಗೆ ಐವತ್ತೇಳನೇ ವಯಸ್ಸಿನಲ್ಲಿ ಬೂಟು ಕಾಲಿಗೆ ಹತ್ತದೆ ಹೋಯಿತು. ಮೊದಲು ಬೂಟನ್ನೇ ಬೈದ. ನೀರಿಗೆ ನೆನೆದು ಚರ್ಮ ಕುಗ್ಗಿರಬೇಕು ಅಂದುಕೊಂಡು ಒಂದು ನಂಬರು ದೊಡ್ಡದು ತಂದ. ಹದಿನೈದು ದಿನಕ್ಕೆ ಅದೂ ಬಿಗಿಯಾಯಿತು. ಮುಖ ಊದಿಕೊಂಡು ಕಣ್ಣು ಸಣ್ಣಗಾದಾಗ ಹೆಂಡತಿ ಅವನ ಮಾತಿಗೆ ಕಿವಿಗೊಡದೆ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಅಲ್ಲಿಯ ಡಾಕ್ಟರು ಕಾಗದ ನೋಡಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಎರಡೂ ಕಿಡ್ನಿ ಕೈಕೊಟ್ಟಿವೆ ಎಂದರು. ಕೈಕೊಡುವುದು ಅಂದರೆ ಏನೆಂದು ಡ್ರೈವರನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಇಳಿಜಾರಿನಲ್ಲಿ ಬ್ರೇಕು ಕೈಕೊಡುವುದನ್ನು ಅವನು ಎರಡು ಸಲ ನೋಡಿದ್ದ.

ಆಸ್ಪತ್ರೆಯ ಹಿಂಬದಿಯಲ್ಲಿ, ಎಕ್ಸ್‌ರೇ ಕೋಣೆ ದಾಟಿ ಬಲಕ್ಕೆ ತಿರುಗಿದರೆ ಡಯಾಲಿಸಿಸ್ ಕೋಣೆ. ನಾಲ್ಕು ಒರಗು ಕುರ್ಚಿ, ಪ್ರತಿ ಕುರ್ಚಿಯ ಪಕ್ಕ ಎದೆಯೆತ್ತರದ ಒಂದು ಮೆಷಿನ್ನು, ಬಾಗಿಲ ಬಳಿ ತೂಕದ ಯಂತ್ರ. ಮಂಗಳವಾರ, ಗುರುವಾರ, ಶನಿವಾರ ಬೆಳಿಗ್ಗೆ ಏಳಕ್ಕೆ ಬಂದು ತೂಕ ನೋಡಿಸಿಕೊಂಡು ಕೂರಬೇಕು. ತೋಳಿನಲ್ಲಿ ಅದಕ್ಕೆಂದೇ ಆಪರೇಷನ್ ಮಾಡಿ ದಪ್ಪವಾಗಿಸಿದ ನರಕ್ಕೆ ಎರಡು ಸೂಜಿ ಚುಚ್ಚುತ್ತಾರೆ. ಒಂದರಿಂದ ರಕ್ತ ಹೊರಗೆ ಹೋಗಿ ಮೆಷಿನ್ನಿನಲ್ಲಿ ತೊಳೆಸಿಕೊಂಡು ಇನ್ನೊಂದರಿಂದ ಒಳಗೆ ಬರುತ್ತದೆ. ನಾಲ್ಕು ಗಂಟೆ ಕೈ ಅಲ್ಲಾಡಿಸುವಂತಿಲ್ಲ. ಮನೆಯಲ್ಲಿ ಉಪ್ಪು ಮುಟ್ಟುವಂತಿಲ್ಲ, ದಿನಕ್ಕೆ ಮೂರು ಲೋಟದ ಮೇಲೆ ನೀರು ಕುಡಿಯುವಂತಿಲ್ಲ. ಕದ್ದು ಕುಡಿದರೆ ತೂಕದ ಯಂತ್ರ ಚಾಡಿ ಹೇಳುತ್ತದೆ.

ಮೊದಲ ದಿನ ಡ್ರೈವರ್ ಯಾರ ಮುಖವನ್ನೂ ನೋಡದೆ ಕೂತ. ಎದುರಿನ ಕುರ್ಚಿಯಲ್ಲಿ ಹತ್ತಿಯ ಉಂಡೆಯ ಹಾಗೆ ಕೂತಿದ್ದ ಮುದುಕಿ ಅವನನ್ನೇ ದಿಟ್ಟಿಸುತ್ತಿದ್ದಳು.

"ಸಂಡೇ ಸ್ಕೂಲಲ್ಲಿ ಹಿಂದಿನ ಬೆಂಚು, ಗೋಡೆ ಪಕ್ಕ. ನೀನೇ ಅಲ್ವೇನೋ?"

ಡ್ರೈವರ್ ತಲೆಯೆತ್ತಿದ. ಅರ್ಧ ಶತಮಾನದ ಹಿಂದಿನ ಟೀಚರಮ್ಮ. ಅದೇ ಮೂಗು, ಅದೇ ದನಿ, ಉಳಿದದ್ದೆಲ್ಲ ಸವೆದುಹೋಗಿತ್ತು.

"ನನ್ನ ಗುರುತು ಹೇಗೆ ಸಿಕ್ತು ಟೀಚರ್?"

"ಕಿವಿ ನೋಡಿ. ಎಷ್ಟು ಸಲ ಹಿಂಡಿದ್ದೀನಿ, ಗೊತ್ತಾಗಲ್ವಾ?"

ಪಕ್ಕದ ಕುರ್ಚಿಯ ಟೈಲರ್ ನಕ್ಕ. ಅವನಿಗೆ ನಲವತ್ತಮೂರು, ಎರಡು ವರ್ಷದಿಂದ ಬರುತ್ತಿದ್ದ. ನಾಲ್ಕನೆಯವಳು ಹತ್ತೊಂಬತ್ತರ ಹುಡುಗಿ. ಕಾಲೇಜಿನ ಪುಸ್ತಕ ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದಳು, ಪುಟ ಮಗುಚುತ್ತಿರಲಿಲ್ಲ. ಅವಳ ತಾಯಿ ಹೊರಗಿನ ಬೆಂಚಿನಲ್ಲಿ ನಾಲ್ಕು ಗಂಟೆಯೂ ಬಾಗಿಲನ್ನೇ ನೋಡುತ್ತ ಕೂತಿರುತ್ತಿದ್ದಳು.

ಆ ನಾಲ್ಕು ಗಂಟೆ ಕಳೆಯಲು ಟೀಚರಮ್ಮ ಒಂದು ದಾರಿ ಮಾಡಿದ್ದಳು. ಒಬ್ಬೊಬ್ಬರೂ ತಾವು ಯಾವ ವಯಸ್ಸಿನಲ್ಲಿ ಏನು ಕಲಿತೆವು ಅಂತ ಒಂದು ಪಾಠ ಒಪ್ಪಿಸಬೇಕು. ಪುಸ್ತಕದ್ದು ನಡೆಯುವುದಿಲ್ಲ, ಸ್ವಂತದ್ದೇ ಆಗಬೇಕು. ನಗು ಬಂದರೆ ಪಾಸು, ಬರದಿದ್ದರೆ ಮುಂದಿನ ವಾರ ಮತ್ತೆ.

"ಹದಿನಾಲ್ಕನೇ ವಯಸ್ಸಲ್ಲಿ ಕಲಿತೆ," ಎಂದಿದ್ದ ಟೈಲರ್, "ಅಳತೆ ತಗೊಳ್ಳುವಾಗ ಎಲ್ಲ ಗಂಡಸರೂ ಹೊಟ್ಟೆ ಒಳಗೆ ಎಳ್ಕೊಳ್ತಾರೆ. ಟೇಪ್ ಹೇಳಿದ್ದನ್ನ ನಂಬಿ ಹೊಲಿದರೆ ಪ್ಯಾಂಟು ವಾಪಸ್ ಬರುತ್ತೆ."

"ಹದಿನೇಳಕ್ಕೆ," ಎಂದಿದ್ದಳು ಹುಡುಗಿ, "ಅಮ್ಮ ಏನೂ ಆಗಿಲ್ಲ ಅಂತ ಎರಡು ಸಲ ಹೇಳಿದ್ರೆ ಏನೋ ಆಗಿದೆ ಅಂತ."

ಅದಕ್ಕೆ ಯಾರಿಗೂ ನಗು ಬಂದಿರಲಿಲ್ಲವಂತೆ. ಆದರೂ ಟೀಚರಮ್ಮ ಪಾಸು ಮಾಡಿದ್ದಳು.

ಡ್ರೈವರ್ ಮೂರು ವಾರ ತುಟಿ ಬಿಚ್ಚಲಿಲ್ಲ. ಮದುವೆಗೆ, ಮಣ್ಣಿಗೆ ಬಿಟ್ಟರೆ ಅವನು ಚರ್ಚಿನ ಮೆಟ್ಟಿಲು ಹತ್ತಿ ಇಪ್ಪತ್ತೆಂಟು ವರ್ಷವಾಗಿತ್ತು. ದೇವರ ಮೇಲೆ ಅವನಿಗೆ ಸಿಟ್ಟಿರಲಿಲ್ಲ; ಮಾತು ಬಿಟ್ಟಿದ್ದ, ಅಷ್ಟೆ. ನಾಲ್ಕನೇ ವಾರ ಟೀಚರಮ್ಮ, "ಏನೋ, ಇನ್ನೂ ಹೋಂವರ್ಕ್ ಆಗಿಲ್ವಾ?" ಅಂದಾಗ ಅವನಿಗೇ ಗೊತ್ತಿಲ್ಲದೆ ಬಾಯಿಂದ ಬಂತು.

"ಆರನೇ ವಯಸ್ಸಲ್ಲಿ ಕಲಿತೆ ಟೀಚರ್. ಪ್ರಾರ್ಥನೆಗೆ ಕಣ್ಣು ಮುಚ್ಚಿದರೆ ಪಕ್ಕದವನು ನಮ್ಮ ಬಿಸ್ಕತ್ತು ತಿಂತಾನೆ. ಅದಕ್ಕೇ ನಾನು ಕಣ್ಣು ಬಿಟ್ಕೊಂಡು ಪಕ್ಕದವನದ್ದು ತಿಂತಿದ್ದೆ."

"ಗೊತ್ತು. ನಾನೂ ಕಣ್ಣು ತೆಗೆದೇ ಪ್ರಾರ್ಥನೆ ಮಾಡಿಸ್ತಿದ್ದೆ."

ಸೂಜಿ ಸರಿಮಾಡುತ್ತಿದ್ದ ಸಿಸ್ಟರ್ ಸಹ ನಕ್ಕಳು. ಅಂದಿನಿಂದ ಡ್ರೈವರನ ಬಾಯಿ ತೆರೆಯಿತು. ಇಪ್ಪತ್ತಾರರಲ್ಲಿ ಅವನು ಕಲಿತದ್ದು, ಬಸ್ಸು ಕೆಟ್ಟು ನಿಂತರೆ ಒಳಗಿರುವ ಐವತ್ತು ಜನವೂ ಮೆಕ್ಯಾನಿಕ್ಕೇ. ನಲವತ್ತರಲ್ಲಿ ಕಲಿತದ್ದು, ಟಿಕೆಟ್ ತಗೊಳ್ಳದವನೇ ಬಸ್ಸು ನಿಧಾನ ಅಂತ ಬೈಯುವುದು. ಟೀಚರಮ್ಮನದ್ದು ಬೇರೆ ದಾರಿ. ಐವತ್ತರಲ್ಲಿ ಅವಳಿಗೆ ಉದ್ದುದ್ದ ಪ್ರಾರ್ಥನೆ ಸಾಕಾಯಿತಂತೆ. "ನಾನು ಹೇಳಕ್ಕೆ ಶುರು ಮಾಡಿದ ಕೂಡಲೇ ಸ್ವಾಮಿಗೆ ಎಲ್ಲಾ ಗೊತ್ತಾಗಿರುತ್ತೆ. ಪಾಪ, ಸುಮ್ನೆ ಕೂತು ಪೂರ್ತಿ ಕೇಳಬೇಕಲ್ಲ. ಅದಕ್ಕೇ ಚಿಕ್ಕದಾಗಿ ಮುಗಿಸ್ತೀನಿ."

ಒಂದು ಗುರುವಾರ ಟೈಲರನ ಕುರ್ಚಿ ಖಾಲಿ ಇತ್ತು. ಏಳೂವರೆಯಾಯಿತು, ಎಂಟಾಯಿತು. ಸಿಸ್ಟರ್ ಫೋನು ಹಿಡಿದು ಹೊರಗೆ ಹೋಗಿ ಬಂದಳು. ಬಂದವಳು ಆ ಕುರ್ಚಿಯ ಮೇಲೆ ಹಾಸಿದ್ದ ಬಟ್ಟೆ ತೆಗೆದು ಮಡಿಸಿದಳು. ಹಿಂದಿನ ದಿನ ಮಧ್ಯಾಹ್ನ ಟೈಲರ್ ಅಂಗಡಿಯಲ್ಲೇ, ಹೊಲಿಗೆ ಮೆಷಿನ್ನಿನ ಮೇಲೆ ತಲೆಯಿಟ್ಟು ಹೋಗಿಬಿಟ್ಟಿದ್ದ. ನಿದ್ದೆ ಮಾಡುತ್ತಿದ್ದಾನೆ ಅಂತ ಗಿರಾಕಿಯೊಬ್ಬರು ಅರ್ಧ ಗಂಟೆ ಕಾದು ಕೂತಿದ್ದರಂತೆ.

ಹುಡುಗಿ ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡಳು. ಟೀಚರಮ್ಮ ಅಂದು ಪಾಠ ಕೇಳಲಿಲ್ಲ. ಮುಂದಿನ ವಾರ ಆ ಕುರ್ಚಿಗೆ ಬ್ಯಾಂಕಿನ ಗುಮಾಸ್ತರೊಬ್ಬರು ಬಂದು, ಫ್ಯಾನಿನ ಗಾಳಿ ತಾಗುತ್ತದೆ ಅಂತ ತಕರಾರು ತೆಗೆದರು.

ಟೈಲರನ ಸುದ್ದಿ ಕೇಳಿದ ದಿನದಿಂದ ಡ್ರೈವರನ ಹೆಂಡತಿ ಒಂದೇ ಹಟ ಹಿಡಿದಳು. ಅವಳು ಶಿಶುವಿಹಾರವೊಂದರಲ್ಲಿ ಆಯಾ. ದಿನವಿಡೀ ಬೇರೆಯವರ ಮಕ್ಕಳ ಮೂಗು ಒರೆಸಿ, ಬಟ್ಟೆ ಬದಲಿಸಿ, ಮಲಗಿಸಿ ಬರುವವಳು. ಮನೆಗೆ ಬಂದು ಚೀಲ ಕೆಳಗಿಡುವ ಮೊದಲೇ ಕೇಳುತ್ತಿದ್ದಳು.

"ನನ್ನದೊಂದು ಕಿಡ್ನಿ ತಗೊಳ್ಳಿ ಅಂದೆನಲ್ಲ, ಡಾಕ್ಟರ ಹತ್ರ ಮಾತಾಡಿದ್ರಾ?"

"ಬೇಡ ಅಂದೆನಲ್ಲ."

"ಯಾಕೆ ಬೇಡ? ಎರಡಿದ್ದಾವೆ. ಒಂದು ಸುಮ್ನೆ ಕೂತಿದೆ."

"ನಿನ್ನ ಹೊಟ್ಟೆ ಕೊಯ್ಸಿ ನಾನು ಬದುಕೋದು ಬೇಡ."

"ಹಾಗಾದ್ರೆ ನೀವು ಹೋದ ಮೇಲೆ ನಾನು ಯಾರ ಜೊತೆ ಜಗಳ ಆಡ್ಲಿ?"

ಅವನು ಎದ್ದು ಹೊರಗೆ ಹೋಗುತ್ತಿದ್ದ. ಕಾರಣ ಅದಲ್ಲ ಅಂತ ಅವಳಿಗೂ ಅನ್ನಿಸುತ್ತಿತ್ತು.

ನಿಜವಾದ ಕಾರಣವನ್ನು ಅವನು ಟೀಚರಮ್ಮನಿಗೆ ಹೇಳಿದ್ದು ಒಂದು ಶನಿವಾರ, ಹುಡುಗಿ ನಿದ್ದೆ ಹೋಗಿದ್ದಾಗ, ಗುಮಾಸ್ತರು ಮುಖದ ಮೇಲೆ ಪೇಪರು ಹೊದ್ದುಕೊಂಡಿದ್ದಾಗ.

"ನಮಗೊಂದು ಮಗು ಇತ್ತು ಟೀಚರ್, ಹೋಯ್ತು. ಹನ್ನೊಂದು ತಿಂಗಳಿತ್ತು. ಮಣ್ಣು ಮಾಡಿ ಬಂದು ಮೂರನೇ ದಿನ ನಾನು ಡ್ಯೂಟಿಗೆ ಹೋದೆ. ಯಾರೂ ಕರೆದಿರಲಿಲ್ಲ, ರಜ ಇತ್ತು. ತೊಟ್ಟಿಲು ಇನ್ನೂ ಅಲ್ಲೇ ಇತ್ತು. ಅವಳು ಅದರ ಪಕ್ಕ ನೆಲದ ಮೇಲೆ ಕೂತಿದ್ಲು. ನನಗೆ ಆ ಮನೇಲಿ ಇರಕ್ಕಾಗಲಿಲ್ಲ. ಒಬ್ಬಳನ್ನೇ ಬಿಟ್ಟು ಯೂನಿಫಾರ್ಮ್ ಹಾಕ್ಕೊಂಡು ಹೊರಟೆ." ಅವನು ತೋಳಿನ ನಳಿಗೆಯಲ್ಲಿ ಓಡುವ ಕೆಂಪನ್ನು ನೋಡಿದ. "ಇಪ್ಪತ್ತೆಂಟು ವರ್ಷದಲ್ಲಿ ಅವಳು ಒಂದು ಸಲಾನೂ ಆ ಮಾತು ಎತ್ತಿಲ್ಲ. ಬೈದಿದ್ರೆ ಮುಗಿದುಹೋಗ್ತಿತ್ತು. ಈಗ ಯಾವ ಮುಖ ಇಟ್ಕೊಂಡು ಅವಳ ಕಿಡ್ನಿ ತಗೊಳ್ಲಿ?"

"ಇದನ್ನ ಅವಳಿಗೆ ಹೇಳಿದ್ದೀಯಾ?"

"ಇಲ್ಲ."

"ನನಗೆ ಹೇಳಿ ಏನು ಬಂತೋ? ಕೊಡೋಣ ಅಂದ್ರೆ ನನ್ನ ಹತ್ರಾನೂ ಒಂದೂ ಇಲ್ಲ."

ಡ್ರೈವರ್ ನಗಲು ಹೋದ.

ಅದೇ ತಿಂಗಳಲ್ಲಿ ಟೀಚರಮ್ಮನ ತೋಳಿನ ನರ ಕಟ್ಟಿಕೊಂಡಿತು. ಕುತ್ತಿಗೆಗೆ ನಳಿಗೆ ಹಾಕಿದರು, ಅಲ್ಲಿ ಕೀವಾಗಿ ಜ್ವರ ಬಂತು. ಅದನ್ನು ತೆಗೆದು ತೊಡೆಗೆ ಹಾಕಿದರು. ಪ್ರತಿ ಸಲ ಕುರ್ಚಿಯಿಂದ ಏಳುವಾಗಲೂ ಅವಳ ಕಾಲು ಸೆಟೆದುಕೊಂಡು, ಸಿಸ್ಟರ್ ಹತ್ತು ನಿಮಿಷ ತಿಕ್ಕಬೇಕಾಗುತ್ತಿತ್ತು. ಆಗಲೂ ಅವಳು ಕೂಗಲಿಲ್ಲ. ಕೆಳತುಟಿ ಕಚ್ಚಿ ಕಚ್ಚಿ ಅಲ್ಲೊಂದು ಗಾಯವಾಗಿತ್ತು. ದೊಡ್ಡ ಡಾಕ್ಟರು ಇನ್ನೊಂದು ಆಪರೇಷನ್ ಆಗಬೇಕು ಎಂದಾಗ ಟೀಚರಮ್ಮ ಯೋಚಿಸಿ ಹೇಳುತ್ತೇನೆ ಎಂದಳು. ಎರಡು ದಿನ ಯೋಚಿಸಿದಳು. ಗುರುವಾರ ಬಂದು, ಇದೇ ನನ್ನ ಕೊನೇ ಸಲ ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

ಡ್ರೈವರನಿಗೆ ಮೈಯೆಲ್ಲ ಉರಿಯಿತು. "ಇದು ಪಾಪ ಅಲ್ವಾ ಟೀಚರ್? ಪ್ರಾಣ ತಕ್ಕೊಳ್ಳೋದು ತಪ್ಪು ಅಂತ ಹೇಳಿಕೊಟ್ಟೋರು ನೀವೇ."

"ನಾನೇನು ಪ್ರಾಣ ತಕ್ಕೊಳ್ತಿಲ್ಲ. ಮೆಷಿನ್ನು ಸಾಕು ಅಂತಿದ್ದೀನಿ. ಅದೂ ಇದೂ ಒಂದೇ ಅಲ್ಲ. ಪಾದ್ರಿಯವರನ್ನೂ ಕರೆಸಿ ಕೇಳಿದೆ."

"ಏನಂದ್ರು?"

"ಅತ್ರು. ನಾನೇ ಕರ್ಚೀಫ್ ಕೊಟ್ಟೆ. ಚಿಕ್ಕ ವಯಸ್ಸು, ಇನ್ನೂ ಅಭ್ಯಾಸ ಇಲ್ಲ."

ಹುಡುಗಿ ಸೂಜಿ ಚುಚ್ಚಿದ ಕೈಯನ್ನು ಮರೆತು ಎದ್ದೇಳಲು ಹೋದಳು; ಮೆಷಿನ್ನು ಕಿರುಚಿಕೊಂಡಿತು. ಸಿಸ್ಟರ್ ಓಡಿಬಂದು ಅವಳನ್ನು ಕೂರಿಸಿದಳು. ಅಂದು ಹನ್ನೊಂದಕ್ಕೆ ಟೀಚರಮ್ಮನ ತಂಗಿಯ ಮಗಳು ಗಾಲಿಕುರ್ಚಿ ತಂದಳು. ಹೊರಡುವ ಮೊದಲು ಟೀಚರಮ್ಮ ಗುಮಾಸ್ತರ ಕಡೆ ತಿರುಗಿ, "ನನ್ನ ಜಾಗದಲ್ಲಿ ಗಾಳಿ ತಾಗಲ್ಲ, ಅಲ್ಲಿಗೆ ಬನ್ನಿ," ಅಂದಳು. ಗುಮಾಸ್ತರು ಕನ್ನಡಕ ಒರೆಸಿಕೊಂಡರು.

ಆರನೇ ದಿನ ಡ್ರೈವರ್ ಹೆಂಡತಿಯನ್ನು ಕರೆದುಕೊಂಡು ಟೀಚರಮ್ಮನನ್ನು ನೋಡಲು ಹೋದ. ಚರ್ಚಿನ ಹಿಂದಿನ ಓಣಿಯಲ್ಲಿ ಎರಡು ಕೋಣೆಯ ಮನೆ. ಮಂಚವನ್ನು ಕಿಟಕಿಯ ಬಳಿಗೆ ಎಳೆದಿದ್ದರು. ಟೀಚರಮ್ಮನ ಮೈ ಹಳದಿಗಟ್ಟಿತ್ತು, ಕೆರೆದು ಕೆರೆದು ತೋಳೆಲ್ಲ ಗೀರು. ಮಾತಿನ ಮಧ್ಯೆ ಬಿಕ್ಕಳಿಕೆ ಬರುತ್ತಿತ್ತು, ಮಾತಿನ ಮಧ್ಯೆಯೇ ತೂಕಡಿಕೆಯೂ. ಆದರೂ ಅವರು ಕೂತ ಕೂಡಲೇ ತಂಗಿಯ ಮಗಳಿಗೆ ಹೇಳಿ ದೊಡ್ಡ ಸ್ಟೀಲ್ ಲೋಟದ ತುಂಬ ನೀರು ತರಿಸಿಕೊಂಡಳು.

"ನೋಡೋ. ನಾಲ್ಕು ವರ್ಷ ಆಯ್ತು, ಲೆಕ್ಕ ಇಲ್ದೆ ನೀರು ಕುಡಿದು."

ತಂಗಿಯ ಮಗಳು ತಲೆ ಎತ್ತಿ ಹಿಡಿದಳು. ಟೀಚರಮ್ಮ ನಿಲ್ಲಿಸಿ ನಿಲ್ಲಿಸಿ, ಗಂಟಲು ಗುಟುಕರಿಸುತ್ತ, ಅರ್ಧಕ್ಕಿಂತ ಹೆಚ್ಚು ಕುಡಿದಳು. ಗದ್ದದಿಂದ ಇಳಿದ ನೀರು ಕುತ್ತಿಗೆಯ ಬ್ಯಾಂಡೇಜು ಒದ್ದೆ ಮಾಡಿತು. ಡ್ರೈವರನ ನಾಲಗೆ ಒಣಗಿ ಅಂಗುಳಿಗೆ ಅಂಟಿತ್ತು. ಬೆಳಗಿನ ಲೋಟ ಮುಗಿದು ಮಧ್ಯಾಹ್ನದ್ದು ಇನ್ನೂ ಬಂದಿರಲಿಲ್ಲ. ಸಾಯುತ್ತಿರುವವಳ ಮೇಲೆ ತನಗೆ ಹೊಟ್ಟೆಕಿಚ್ಚಾಗುತ್ತಿದೆ ಅಂತ ತಿಳಿದು ಅವನಿಗೆ ನಾಚಿಕೆಯಾಯಿತು.

"ಹೊಟ್ಟೆ ಉರಿತಿದೆಯೇನೋ?"

"ಹೂಂ ಟೀಚರ್."

"ಉರೀಲಿ." ನಗುವಿಗೆ ಕೆಮ್ಮು ಹತ್ತಿ, ಉಸಿರು ಸಿಗದೆ ಅವಳು ದಿಂಬಿಗೆ ಒರಗಿದಳು. ಆ ಒಂದು ಲೋಟದ ಫಲ ಎದೆಯಲ್ಲಿ ಗೊರಗೊರ ಕೇಳಿಸಿತು. ಉಸಿರು ಹಿಡಿತಕ್ಕೆ ಬಂದ ಮೇಲೆ ಡ್ರೈವರನ ಹೆಂಡತಿಯ ಕಡೆ ನೋಡಿದಳು. "ಇವನು ನಿನಗೆ ಒಂದು ಮಾತು ಹೇಳಬೇಕು ಅಂತಿದ್ದಾನೆ. ನಾನಿರುವಾಗಲೇ ಹೇಳ್ಲಿ. ಆಮೇಲೆ ಕಿವಿ ಹಿಂಡೋರು ಯಾರೂ ಇರಲ್ಲ."

ಡ್ರೈವರ್ ಎದ್ದು ಹೋಗುವ ಹಾಗಿರಲಿಲ್ಲ. ಕಿಟಕಿಯ ಸರಳು ಹಿಡಿದುಕೊಂಡು, ಓಣಿಯನ್ನು ನೋಡುತ್ತ, ತೊಟ್ಟಿಲಿನ ಮಾತು, ಮೂರನೇ ದಿನದ ಮಾತು, ಯೂನಿಫಾರ್ಮಿನ ಮಾತು ಎಲ್ಲವನ್ನೂ ಹೇಳಿದ. ಹೇಳಿ ಮುಗಿಸಿದರೂ ಹಿಂದಿರುಗಿ ನೋಡಲು ಧೈರ್ಯ ಬರಲಿಲ್ಲ.

ಹೆಂಡತಿ ಬಾಯಿಬಿಟ್ಟಳು. ಗಂಡನಿಗಲ್ಲ, ಟೀಚರಮ್ಮನಿಗೆ ಹೇಳಿದಳು.

"ಇವರು ಹೋದ ಮೇಲೆ ನಾನೂ ಬೀಗ ಹಾಕಿ ಹೊರಟೆ ಟೀಚರ್. ಆ ಮನೇಲಿ ನನಗೂ ಇರಕ್ಕಾಗಲಿಲ್ಲ. ಸ್ಟಾಪಲ್ಲಿ ನಿಂತೆ. ಇವರ ಬಸ್ಸೇ ಬಂತು. ತಲೆಗೆ ಬಟ್ಟೆ ಸುತ್ಕೊಂಡು ಹಿಂದಿನ ಬಾಗಿಲಲ್ಲಿ ಹತ್ತಿ ಕೊನೇ ಸೀಟಲ್ಲಿ ಕೂತೆ. ಡಿಪೋವರೆಗೂ ಹೋದೆ, ಅದರಲ್ಲೇ ವಾಪಸ್ ಬಂದೆ. ಮತ್ತೆ ಹೋದೆ. ಎರಡು ಟ್ರಿಪ್ಪು."

ಡ್ರೈವರ್ ತಿರುಗಿದ. "ನೀನಾ? ಯಾಕೆ ಹೇಳಲಿಲ್ಲ?"

"ನೀವು ಅಳ್ತಾ ಓಡಿಸ್ತಿದ್ರಿ. ಕಂಡಕ್ಟರು ನಿಮ್ಮ ಹೆಗಲ ಮೇಲೆ ಕೈ ಇಟ್ಕೊಂಡೇ ನಿಂತಿದ್ದ, ಯಾರಿಗೂ ಟಿಕೆಟ್ ಕೊಡಲೇ ಇಲ್ಲ. ನಾನು ನೋಡಿದೆ ಅಂತ ಗೊತ್ತಾದ್ರೆ ನಿಮಗೆ ಬೇಜಾರಾಗುತ್ತೆ ಅಂತ ಸುಮ್ನಿದ್ದೆ." ಅವಳು ಮೂಗು ಏರಿಸಿಕೊಂಡು ಟೀಚರಮ್ಮನ ಕಡೆ ಬಾಗಿದಳು. "ನನ್ನದೂ ಒಂದು ಪಾಠ ಬರ್ಕೊಳ್ಳಿ ಟೀಚರ್. ಇಪ್ಪತ್ತನಾಲ್ಕನೇ ವಯಸ್ಸಲ್ಲಿ ಕಲಿತೆ. ಅಳೋ ಡ್ರೈವರ್ ಇರೋ ಬಸ್ಸು ಹತ್ತಬಾರದು. ಒಂದು ಗುಂಡಿನೂ ಬಿಡಲ್ಲ, ಎಲ್ಲದಕ್ಕೂ ಇಳಿಸ್ತಾನೆ."

ಟೀಚರಮ್ಮನ ಹೊಟ್ಟೆ ಕುಲುಕಿತು. "ಪಾಸು," ಅಂದಳು. ಹಾಗೆಂದು ಕಣ್ಣು ಮುಚ್ಚಿದಳು.

ಹೆಂಡತಿ ಲೋಟ ತೊಳೆಯಲು ಒಳಗೆ ಹೋದಾಗ, ನಿದ್ದೆ ಹೋಗಿದ್ದಾಳೆ ಅಂತ ಅವನು ಅಂದುಕೊಂಡಿದ್ದ ಟೀಚರಮ್ಮ ಡ್ರೈವರನ ಕೈ ಹಿಡಿದಳು. ಬೆರಳು ಐಸಿನ ಹಾಗಿದ್ದವು.

"ಹೆದರಿಕೆ ಆಗ್ತಿದೆ ಕಣೋ."

ಅವನು ಇನ್ನೊಂದು ಕೈಯನ್ನೂ ಅದರ ಮೇಲಿಟ್ಟ.

"ಐವತ್ತು ವರ್ಷ ಮಕ್ಕಳಿಗೆ ಹೇಳಿಕೊಟ್ಟೆ, ಸಾವಿಗೆ ಹೆದರಬೇಡಿ ಅಂತ. ಯಾರಾದ್ರೂ ಒಬ್ಬರು ಎದ್ದು ನಿಂತು, ನಿಮಗೆ ಹೇಗೆ ಗೊತ್ತು ಟೀಚರ್ ಅಂತ ಕೇಳಬೇಕಿತ್ತು."

"ನಾನು ಹಿಂದಿನ ಬೆಂಚಲ್ಲಿದ್ದೆ."

"ಹೌದು. ನೀನು ತಿಂತಿದ್ದೆ."

"ಈಗ ನಂಬಿಕೆ ಇಲ್ವಾ ಟೀಚರ್?"

"ಇದೆ. ಹೆದರಿಕೇನೂ ಇದೆ. ಎರಡೂ ಒಂದೇ ಮನೇಲಿ ಇರ್ತವೆ, ಒಂದರ ಜೊತೆ ಒಂದು ಮಾತಾಡಲ್ಲ, ಅಷ್ಟೆ." ಬಿಕ್ಕಳಿಕೆ ಬಂದು ಮಾತು ನಿಂತಿತು. "ಎಂಬತ್ತೊಂದಕ್ಕೆ ಇದನ್ನ ಕಲಿತೆ ಅಂತ ಆ ಹುಡುಗಿಗೆ ಹೇಳು. ನಗು ಬರಲ್ಲ ಇದಕ್ಕೆ. ನಾನು ಫೇಲು ಅಂತ ಹೇಳು."

ಮೂರು ದಿನದ ಮೇಲೆ ಅವಳು ಹೋದಳು. ಸುಲಭವಾಗಿ ಹೋಗಲಿಲ್ಲ. ಕೊನೆಯ ದಿನ ಯಾರ ಗುರುತೂ ಹತ್ತಲಿಲ್ಲ, ಉಸಿರು ಎಳೆದು ಎಳೆದು ಬಿಡುತ್ತಿದ್ದಳು ಅಂತ ತಂಗಿಯ ಮಗಳು ಫೋನಿನಲ್ಲಿ ಹೇಳಿದಳು. ಮಣ್ಣು ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಅಂತಾಯಿತು. ಅದು ಡ್ರೈವರ್ ಮೆಷಿನ್ನಿಗೆ ಕೂರುವ ಹೊತ್ತು. ಎರಡು ಗಂಟೆ ಬೇಗ ಬಿಡಿ ಅಂತ ಸಿಸ್ಟರನ್ನು ಕೇಳಿದ. ಅವಳು ಅವನ ತೂಕ ತೋರಿಸಿ ತಲೆಯಾಡಿಸಿದಳು. ಅವನ ಬದಲು ಹೆಂಡತಿ ಹೋದಳು.

ಹತ್ತು ಹೊಡೆಯಿತು. ಚರ್ಚಿನ ಗಂಟೆ ಅಷ್ಟು ದೂರಕ್ಕೆ ಕೇಳುವಂತಿರಲಿಲ್ಲ. ಟೀಚರಮ್ಮನ ಕುರ್ಚಿಯಲ್ಲಿ ಗುಮಾಸ್ತರು ಕೂತಿದ್ದರು, ಅವರ ಹಳೇ ಜಾಗ ಖಾಲಿ ಇತ್ತು. ಡ್ರೈವರ್ ಹುಡುಗಿಗೆ ಟೀಚರಮ್ಮ ಹೇಳಿ ಕಳಿಸಿದ ಮಾತನ್ನು ಮುಟ್ಟಿಸಿದ. ಹುಡುಗಿ ತೊಡೆಯ ಮೇಲಿನ ಪುಸ್ತಕ ಮುಚ್ಚಿದಳು.

"ಅಂಕಲ್, ಅವರನ್ನ ಫೇಲ್ ಮಾಡಕ್ಕೆ ನಾವ್ಯಾರು?" ಎಂದಳು.

ಅದಾದ ವಾರವೇ ಡ್ರೈವರ್ ತಾನಾಗಿ ಡಾಕ್ಟರ ಬಳಿ ಹೋಗಿ, ಹೆಂಡತಿಯನ್ನು ಪರೀಕ್ಷೆ ಮಾಡಿ ಎಂದ. ರಕ್ತ, ಮೂತ್ರ, ಸ್ಕ್ಯಾನು, ಮತ್ತೆ ರಕ್ತ. ಶಿಶುವಿಹಾರಕ್ಕೆ ಐದು ದಿನ ರಜ ಹಾಕಿ ಅವಳು ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಓಡಾಡಿದಳು, ಮದುವೆಗೆ ಸೀರೆ ಆರಿಸಲು ಹೊರಟವಳ ಉತ್ಸಾಹದಲ್ಲಿ. ಇಬ್ಬರ ರಕ್ತದ ಗುಂಪೂ ಒಂದೇ ಅಂತ ಗೊತ್ತಾದ ದಿನ ಪಕ್ಕದ ಮನೆಯವರಿಗೂ ಹೇಳಿ ಬಂದಳು.

ಹತ್ತು ದಿನದ ಮೇಲೆ ಡಾಕ್ಟರು ಇಬ್ಬರನ್ನೂ ಕೂರಿಸಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟಾಗಲೇ ಡ್ರೈವರನಿಗೆ ಗೊತ್ತಾಯಿತು. ಅವಳಿಗೆ ಸಕ್ಕರೆ ಕಾಯಿಲೆ ಇತ್ತು. ಯಾವಾಗಿನಿಂದಲೋ ಇದ್ದಿರಬೇಕು, ಗೊತ್ತಾಗಿರಲಿಲ್ಲ. ಅವಳ ಕಿಡ್ನಿಯೂ ಈಗಾಗಲೇ ಸ್ವಲ್ಪ ಸೋತಿದೆ. ಒಂದನ್ನು ತೆಗೆದರೆ ಉಳಿದದ್ದು ತಾಳುವುದಿಲ್ಲ.

"ಸ್ವಲ್ಪ ಸೋತಿದ್ದು ಪರವಾಗಿಲ್ಲ ಡಾಕ್ಟ್ರೇ," ಎಂದಳು ಅವಳು. "ಇವರಿಗೆ ಸಾಕು."

"ಆಗಲ್ಲಮ್ಮ," ಎಂದರು ಡಾಕ್ಟರು. ಅವನ ಹೆಸರನ್ನು ಕಾಯುವವರ ಪಟ್ಟಿಗೆ ಸೇರಿಸುವುದಾಗಿ ಹೇಳಿದರು. ಪಟ್ಟಿ ಉದ್ದವಿತ್ತು. ಅವನ ವಯಸ್ಸಿನವರ ಸರದಿ ಬರುವುದು ಅಪರೂಪ ಅಂತ ಅವರು ಬಾಯಿಬಿಟ್ಟು ಹೇಳಲಿಲ್ಲ, ಇವರು ಬಾಯಿಬಿಟ್ಟು ಕೇಳಲಿಲ್ಲ. ಕಿಡ್ನಿ ಕೊಡಲು ಹೋದವಳು ತಾನೇ ಎರಡು ಬಗೆಯ ಮಾತ್ರೆ ಬರೆಸಿಕೊಂಡು ಹೊರಗೆ ಬಂದಳು.

ಮನೆಗೆ ಬಂದು ಅವಳು ಚೀಲವನ್ನು ಗೋಡೆಗೆ ಎಸೆದಳು. ಮಾತ್ರೆಯ ಡಬ್ಬಿ ಉರುಳಿ ಮಂಚದ ಕೆಳಗೆ ಹೋಯಿತು. ಇಪ್ಪತ್ತೆಂಟು ವರ್ಷ ಒಂದು ಭಾನುವಾರವೂ ಚರ್ಚು ತಪ್ಪಿಸದವಳು, ಇನ್ನು ಆ ಕಡೆ ತಲೆ ಹಾಕುವುದಿಲ್ಲ, ಕೇಳುವವನು ಇದ್ದರೆ ತಾನೇ ಕೇಳುವುದು ಎಂದಳು. ಆಮೇಲೆ ಒಲೆ ಹಚ್ಚಿ, ಹಚ್ಚಿದ್ದನ್ನು ಮರೆತು ಅದರೆದುರು ನಿಂತಳು. ಡ್ರೈವರ್ ಬಗ್ಗಿ, ಏದುಸಿರು ಬಿಡುತ್ತ ಮಂಚದ ಕೆಳಗಿನಿಂದ ಡಬ್ಬಿ ತೆಗೆದ. ಒಲೆ ಆರಿಸಿದ. ಬ್ರೆಡ್ಡು ಕತ್ತರಿಸಿ, ಬೆಳಿಗ್ಗೆ ಬೇಯಿಸಿಟ್ಟಿದ್ದ ಮೊಟ್ಟೆ ಸುಲಿದು, ಉಪ್ಪಿಲ್ಲದೆ ಎರಡು ತಟ್ಟೆಗೆ ಹಾಕಿದ.

ಊಟಕ್ಕೆ ಮುಂಚೆ ಪ್ರಾರ್ಥನೆ ಮಾಡುವುದು ಆ ಮನೆಯಲ್ಲಿ ಅವಳ ಕೆಲಸ. ಅವಳು ತಟ್ಟೆಯನ್ನು ನೋಡುತ್ತ ಕೂತಿದ್ದಳು, ಬಾಯಿ ತೆರೆಯಲಿಲ್ಲ. ಡ್ರೈವರ್ ಗಂಟಲು ಸರಿಮಾಡಿಕೊಂಡ.

"ಸ್ವಾಮಿ," ಎಂದ. ಮುಂದೆ ಏನೆಂದು ಹೊಳೆಯಲಿಲ್ಲ. "ಸ್ವಾಮಿ, ಇವಳಿಗೆ ಸಕ್ಕರೆ ಕಾಯಿಲೆ ಬರದೆ ಇರಲಿ."

"ಬಂದಾಯ್ತಲ್ಲ," ಎಂದಳು ಅವಳು.

"ಹಾಗಾದ್ರೆ ಹೆಚ್ಚಾಗದೆ ಇರಲಿ. ನನ್ನದು..." ಅವನು ತಡವರಿಸಿದ. "ನನ್ನದು ನಿನಗೆ ಗೊತ್ತೇ ಇದೆ."

ಅವಳು ಕಣ್ಣೊರೆಸಿಕೊಂಡು, "ಆಮೆನ್ ಅಂತ ಯಾರು ಹೇಳ್ತಾರೆ?" ಎಂದಳು.

"ನೀನು ಹೇಳು. ನನಗೆ ಅಷ್ಟೇ ಬರೋದು."

ಅವಳು ಹೇಳಿದಳು. ಹೇಳಿ, ತನ್ನ ತಟ್ಟೆಯ ಮೊಟ್ಟೆಯನ್ನು ಎರಡು ಮಾಡಿ ದೊಡ್ಡದನ್ನು ಅವನ ತಟ್ಟೆಗೆ ಹಾಕಿದಳು. ಉಪ್ಪಿಲ್ಲದ ಊಟ ಗಂಟಲಲ್ಲಿ ಇಳಿಯಲಿಲ್ಲ, ಆದರೂ ಇಬ್ಬರೂ ತಿಂದರು. ತಟ್ಟೆ ತೊಳೆದಿಟ್ಟು ಅವಳು ನಾಳೆಗೆ ಅವನ ಅರ್ಧ ತೋಳಿನ ಅಂಗಿಯನ್ನು ಇಸ್ತ್ರಿ ಮಾಡಿದಳು. ನಾಳೆ ಗುರುವಾರ, ಏಳು ಗಂಟೆಗೆ ತೂಕ ನೋಡಿಸಬೇಕಿತ್ತು.